ನನಗೆ ಸಿಟ್ಟಿಲ್ಲ, ಕಾಯಿಲೆ

ನನ್ನ ಮುಖ ನೋಡಿ ಏನನ್ನೂ ತೀರ್ಮಾನ ಮಾಡಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ. ಎಷ್ಟೋ ವರ್ಷದಿಂದ ಅದು ನನ್ನ ಮಾತು ಕೇಳುವುದಿಲ್ಲ. ಮದುವೆ ಮನೆಗೆ ಹೋದರೂ ಅದೇ ಮುಖ, ಸಾವಿನ ಮನೆಗೆ ಹೋದರೂ ಅದೇ ಮುಖ. ಸಾವಿನ ಮನೆಯಲ್ಲಿ ಅದರಿಂದ ಏನೂ ತೊಂದರೆಯಿಲ್ಲ. ಮದುವೆ ಮನೆಯಲ್ಲಿ ಮಾತ್ರ ಹೆಣ್ಣಿನ ಕಡೆಯವರು ಓಡಿ ಬಂದು, ಊಟದಲ್ಲಿ ಏನಾದರೂ ಕಮ್ಮಿಯಾಯಿತೇ ಎಂದು ವಿಚಾರಿಸುತ್ತಾರೆ.

ಹಾಗೆಂದು ನಾನು ಹುಟ್ಟಾ ಸಿಡುಕಿಯಲ್ಲ. ಅಜ್ಜಂಪುರದ ಬಸ್‌ಸ್ಟ್ಯಾಂಡಿನ ಹತ್ತಿರ ನಮ್ಮ ಯಜಮಾನರದು ಹಿಂಡಿ, ಬೂಸಾದ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ನಾನು ಅಡಿಗೆಮನೆಯಲ್ಲಿ ನಕ್ಕರೆ ಅಂಗಡಿ ಮುಂದೆ ಗಾಡಿ ನಿಲ್ಲಿಸಿದ ರೈತರು ಏನಂತೆ ಎಂದು ಕೇಳುತ್ತಿದ್ದರಂತೆ. 'ಮೆಲ್ಲಗೆ ನಗೇ, ಎತ್ತು ಬೆದರ್ತವೆ' ಎಂದು ಯಜಮಾನರು ರೇಗುತ್ತಿದ್ದರು. ಅಕ್ಕಪಕ್ಕದವರಿಗೆ ನಾನು ಸರ್ವಮಂಗಳಕ್ಕ. ಯಾರ ಮನೆಯ ತೊಟ್ಟಿಲ ಶಾಸ್ತ್ರವಾದರೂ ನನ್ನನ್ನು ಕರೆಯುತ್ತಿದ್ದದ್ದು ಹಾಡಿಗಲ್ಲ, ಹಾಡು ನನಗೆ ಬರುವುದಿಲ್ಲ. ನಾಲ್ಕು ಜನರನ್ನು ನಗಿಸುತ್ತೇನೆ ಎಂದು ಕರೆಯುತ್ತಿದ್ದರು.

ನಮ್ಮ ಜಿಲ್ಲೆಯಲ್ಲಿ ಮಾಜಿ ಪ್ರಧಾನಿಯೇ ನಿಂತ ಆ ದೊಡ್ಡ ಚುನಾವಣೆ ಬಂದು ಊರೂರಿಗೂ ಜೀಪುಗಳು ನುಗ್ಗಿದ ವರ್ಷ ನನ್ನ ಎಡಗೈ ನಡುಗಲು ಶುರುವಾಯಿತು. ಮೊದಲು ಹೆಬ್ಬೆರಳು ಮಾತ್ರ. ಸುಮ್ಮನೆ ಕೂತಾಗ ಹೆಬ್ಬೆರಳು ತೋರುಬೆರಳಿನ ಮೇಲೆ ತಾನಾಗಿಯೇ ಉಜ್ಜಿಕೊಳ್ಳುತ್ತಿತ್ತು, ಬತ್ತಿ ಹೊಸೆಯುವ ಹಾಗೆ. ಕೆಲಸಕ್ಕೆ ಕೈ ಹಾಕಿದರೆ ನಿಲ್ಲುತ್ತಿತ್ತು. ಅದಕ್ಕೇ ನಾನು ಕೈಗೆ ಸದಾ ಕೆಲಸ ಕೊಡುತ್ತಿದ್ದೆ. ಕೆಲಸ ಸಿಗದಿದ್ದರೆ ಸೆರಗಿನ ಒಳಗೆ ಇಟ್ಟುಕೊಳ್ಳುತ್ತಿದ್ದೆ. ಒಂದು ವರ್ಷ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗಬಾರದು ಎಂದು ಯಾಕೆ ಹಟ ಹಿಡಿದೆನೋ ಈಗ ನೆನೆಸಿಕೊಂಡರೆ ನನಗೇ ಸರಿಯಾಗಿ ಹೇಳಲಿಕ್ಕಾಗುವುದಿಲ್ಲ. ಹೆದರಿಕೆಯಾಗಿತ್ತು, ಅಷ್ಟೆ.

ಸೆರಗಿನಲ್ಲಿ ಕೈ ಮುಚ್ಚಿಡಲಾಗದ ಹೊತ್ತೊಂದಿತ್ತು. ಅದು ಪೂಜೆಯ ಹೊತ್ತು.

ನಮ್ಮ ಜನಕ್ಕೆ ಪೂಜೆಯೆಂದರೆ ದೇವರ ಗೂಡಿನ ಮುಂದೆ ಕೈಮುಗಿದು ಬರುವುದಲ್ಲ. ಕೊರಳಲ್ಲಿರುವ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಳ್ಳಬೇಕು. ಬಲಗೈಯಿಂದ ನೀರೆರೆದು, ವಿಭೂತಿ ಧರಿಸಿ, ಪತ್ರೆ ಇಟ್ಟು, ಅದನ್ನೇ ನೋಡುತ್ತಾ ಸ್ವಲ್ಪ ಹೊತ್ತು ಕೂರಬೇಕು. ಅದಾಗದೆ ತುತ್ತು ಬಾಯಿಗಿಡುವಂತಿಲ್ಲ. ಗಂಡಸರಿಗೂ ಅಷ್ಟೆ, ಹೆಂಗಸರಿಗೂ ಅಷ್ಟೆ. ನಾನು ತಿಳುವಳಿಕೆ ಬಂದಾಗಿನಿಂದ ಅದನ್ನು ತಪ್ಪಿಸಿದವಳಲ್ಲ. ಅಂಗೈಯೇ ಗುಡಿ. ಆ ಗುಡಿಯೇ ನಡುಗಿದರೆ ಏನು ಮಾಡುವುದು?

ಒಂದು ದಿನ ಬೆಳಿಗ್ಗೆ ನೀರೆರೆಯುವಾಗ ಲಿಂಗ ಅಂಗೈಯಿಂದ ಜಾರಿ ಕೆಳಗಿಟ್ಟಿದ್ದ ತಟ್ಟೆಗೆ ಬಿತ್ತು. ಏನೂ ಆಗಿರಲಿಲ್ಲ, ಬಿರುಕೂ ಬಿಟ್ಟಿರಲಿಲ್ಲ. ಆದರೆ ಆ 'ಟಣ್' ಎಂಬ ಸದ್ದು ನನ್ನ ಎದೆಗೆ ಬಿತ್ತು. ಲಿಂಗ ಜಾರಿದರೆ ಪ್ರಾಣವೂ ಜಾರಬೇಕು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಅಜ್ಜಿ ಹೇಳಿದ್ದನ್ನೆಲ್ಲ ನಂಬುವವಳಲ್ಲ ನಾನು, ಆದರೂ ಆ ದಿನ ಊಟ ಸೇರಲಿಲ್ಲ. ಮಾರನೆ ದಿನದಿಂದ ಮೂಟೆಗಳಿಟ್ಟಿರುವ ಉಗ್ರಾಣದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಪೂಜೆಗೆ ಕೂರತೊಡಗಿದೆ. ನೀರೆರೆಯುವುದನ್ನು ಬಿಟ್ಟೆ. ಬಲಗೈಯಿಂದ ಎಡ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ಲಿಂಗವನ್ನು ಒಂದು ಗಳಿಗೆ ನೋಡಿ ಮತ್ತೆ ಕರಡಿಗೆಗೆ ಸೇರಿಸಿಬಿಡುತ್ತಿದ್ದೆ. ಹೊರಗೆ ಯಜಮಾನರು, 'ಇದೇನಿದು, ಹೆಣ್ಣು ಸ್ವಾಮಿಗಳು ಏಕಾಂತಕ್ಕೆ ಕೂತ್ರಾ?' ಎಂದು ತಮಾಷೆ ಮಾಡುತ್ತಿದ್ದರು.

ಅದೇ ಹೊತ್ತಿಗೆ ಮಗ ಮಹೇಶನಿಗೆ ಮದುವೆ ಗೊತ್ತಾಯಿತು. ಹುಡುಗಿ ಹಿರೇನಲ್ಲೂರಿನವಳು, ಕಲಾವತಿ. ಎಸ್ಸೆಸ್ಸೆಲ್ಸಿ ಓದಿದ್ದಳು. ನೋಡಲು ಹೋದಾಗ ಒಂದು ಹಿಡಿ ಮಂಡಕ್ಕಿ ಹೆಚ್ಚಾಗಿಯೇ ಹಾಕಿ, 'ತಿನ್ನಿ, ದೂರದಿಂದ ಬಂದಿದೀರಿ' ಎಂದವಳು. ಅಲ್ಲೇ ನನಗೆ ಹಿಡಿಸಿಬಿಟ್ಟಳು. ಆದರೆ ನಮ್ಮ ನೆಂಟರಿಗೆ ಒಂದು ಕೊಂಕು ಬೇಕಲ್ಲ. ಆ ಮನೆಯಲ್ಲಿ ಆಚಾರ ಸಾಲದು, ಲಿಂಗ ಕೊರಳಲ್ಲಿರುವುದಕ್ಕಿಂತ ಗೂಟದಲ್ಲಿ ನೇತಾಡುವುದೇ ಹೆಚ್ಚು ಎಂದರು. ಮದುವೆಗೆ ಮುಂಚೆ ಅಯ್ಯನವರನ್ನು ಕರೆಸಿ ಹುಡುಗಿಗೆ ಹೊಸದಾಗಿ ಲಿಂಗಧಾರಣೆ ಮಾಡಿಸಿದರು. ಆ ಮಾತೆಲ್ಲ ಅವಳ ಕಿವಿಗೂ ಬಿದ್ದಿತ್ತು. ಅದು ಬಿದ್ದಿತ್ತೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಸೊಸೆ ಮನೆಗೆ ಬಂದ ಮೇಲೆ ಅತ್ತೆಯ ಪೂಜೆಗೆ ನೀರು, ಪತ್ರೆ, ವಿಭೂತಿ ಒದಗಿಸುವುದು ನಮ್ಮಲ್ಲಿ ರೂಢಿ. ಪೂಜೆಯ ನೀರಿಗೆ ನಾವು ಅಗ್ಘವಣಿ ಎನ್ನುತ್ತೇವೆ. ಅದನ್ನು ಒಬ್ಬಳ ಕೈಯಿಂದ ತೆಗೆದುಕೊಂಡರೆ ಅವಳು ನಮ್ಮವಳಾದಳು ಎಂದು ಅರ್ಥ. ನಾನೇ ಹೊಸದಾಗಿ ಬಂದಾಗ ನಮ್ಮ ಅತ್ತೆ ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡ ದಿನ ಬಚ್ಚಲಲ್ಲಿ ಕೂತು ಅತ್ತಿದ್ದೆ, ಸಂತೋಷಕ್ಕೆ.

ಕಲಾವತಿ ಮಿಂದು, ತಲೆಗೆ ಬಟ್ಟೆ ಸುತ್ತಿಕೊಂಡು, ತಂಬಿಗೆ ಹಿಡಿದು ಉಗ್ರಾಣದ ಬಾಗಿಲಿಗೆ ಬಂದಳು. ನಾನು ಅಗುಳಿ ಹಾಕಿಕೊಂಡಿದ್ದೆ. 'ಅಲ್ಲೇ ಇಟ್ಟೋಗು' ಎಂದೆ. ಮಾರನೆ ದಿನವೂ ಅದೇ. ಕೆಲವು ದಿನ ಕಳೆದ ಮೇಲೆ, 'ನಂಗೇನೂ ಬ್ಯಾಡ, ನೀನು ತರಬ್ಯಾಡ' ಎಂದುಬಿಟ್ಟೆ. ಅವಳು ಬಾಗಿಲಲ್ಲಿ ನಿಂತು ನೋಡಿದರೆ ಕೈ ಕಾಣುತ್ತದೆಂಬ ಒಂದೇ ಭಯ ನನಗೆ. ಆ ಭಯದಲ್ಲಿ ಹೊರಗೆ ನಿಂತವಳ ಮನಸ್ಸು ಏನಾಗುತ್ತಿದೆ ಎಂದು ಯೋಚಿಸಲಿಲ್ಲ.

ಇದರ ಮೇಲೆ ಮುಖ. ಮುಖ ಯಾವ ದಿನ ಕೈಕೊಟ್ಟಿತೆಂದು ಹೇಳುವುದು ಕಷ್ಟ. ಕನ್ನಡಿಯಲ್ಲಿ ಕುಂಕುಮ, ವಿಭೂತಿ ನೋಡಿಕೊಳ್ಳುತ್ತೇವೆಯೇ ಹೊರತು ಮುಖವನ್ನು ಯಾರು ನೋಡಿಕೊಳ್ಳುತ್ತಾರೆ? ಒಳಗೆ ನಾನು ನಗುತ್ತಲೇ ಇದ್ದೆ. ಮಹೇಶ ಹೆಂಡತಿಗೆ ಹೂವು ತಂದು ಅದನ್ನು ಬೂಸಾದ ಚೀಲದಲ್ಲಿ ಬಚ್ಚಿಟ್ಟು, ಆ ಚೀಲವನ್ನೇ ಯಾರಿಗೋ ಮಾರಿದ್ದ. ಹೊಟ್ಟೆ ಹುಣ್ಣಾಗುವಷ್ಟು ನಗು ಬಂತು ನನಗೆ. ಆದರೆ ಎದುರಿಗಿದ್ದ ಕಲಾವತಿ ನನ್ನ ಮುಖ ನೋಡಿ, ತನ್ನ ನಗುವನ್ನು ನುಂಗಿಕೊಂಡು ಒಲೆಯ ಕಡೆ ತಿರುಗಿದಳು. ನಗು ಹೊರಗೆ ಬಂದಿರಲೇ ಇಲ್ಲ. ಧ್ವನಿಯೂ ಅಷ್ಟೊತ್ತಿಗೆ ಇಳಿದಿತ್ತು. ಯಾವ ಎತ್ತೂ ಬೆದರುವ ಕಾಲ ಅದಾಗಿರಲಿಲ್ಲ.

ಪಕ್ಕದ ಮನೆಯವರು ಸೊಸೆ ಬಂದ ಮೇಲೆ ಸರ್ವಮಂಗಳಕ್ಕನಿಗೆ ಗತ್ತು ಬಂತು ಎಂದರು. ಯಜಮಾನರು ನಾನು ತಮ್ಮ ಮೇಲೆ ಸಿಟ್ಟಾಗಿದ್ದೇನೆಂದು ತಿಳಿದು, ಯಾಕಿರಬಹುದೆಂದು ಲೆಕ್ಕ ಹಾಕಿ, ಕೊನೆಗೆ ಬೀಡಿ ಬಿಟ್ಟರು. ಅದೊಂದು ಉಪಕಾರವಾಯಿತು.

ಒಳಗೆ ಮಾತ್ರ ಏನೋ ಕಳಚಿಕೊಳ್ಳುತ್ತಿತ್ತು. ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಉಗ್ರಾಣದಲ್ಲಿ ಮೂಟೆಗೆ ಒರಗಿ ಕೂತರೆ ಕಣ್ಣಲ್ಲಿ ನೀರು ಸುಮ್ಮನೆ ಇಳಿಯುತ್ತಿತ್ತು. ಕಾರಣ ಕೇಳಿದರೆ ಇಲ್ಲ. ಸಾಯಬೇಕು ಅನ್ನಿಸುತ್ತಿರಲಿಲ್ಲ, ಇರಬೇಕು ಅಂತಲೂ ಅನ್ನಿಸುತ್ತಿರಲಿಲ್ಲ. ಸಾರಿಗೆ ಒಗ್ಗರಣೆ ಹಾಕುವಾಗ ಇಂಗಿನ ವಾಸನೆ ಬರುತ್ತಿರಲಿಲ್ಲ. ಮೂಗು ಕೂಡ ನನ್ನನ್ನು ಬಿಟ್ಟಿತೇ ಎಂದು ಅದಕ್ಕೂ ಅತ್ತೆ.

ಆಷಾಢ ಬಂತು. ಹೊಸ ಸೊಸೆ ಅತ್ತೆ ಮನೆಯ ಹೊಸಿಲಲ್ಲಿ ಆಷಾಢ ಕಳೆಯುವಂತಿಲ್ಲ. ಕಲಾವತಿಯ ಅಣ್ಣ ಬಂದು ಹಿರೇನಲ್ಲೂರಿಗೆ ಕರೆದುಕೊಂಡು ಹೋದ. ಹೋಗುವಾಗ ಅವಳು ನನ್ನ ಕಾಲಿಗೆ ನಮಸ್ಕಾರ ಮಾಡಿ ಏಳುತ್ತಾ ನನ್ನ ಮುಖ ನೋಡಿದಳು, ಏನಾದರೂ ಸಿಗುತ್ತದೇನೋ ಎಂದು. ಬೇಗ ಬಾ ಎಂದು ಹೇಳಬೇಕೆಂದಿದ್ದೆ. ಮಾತು ಗಂಟಲಲ್ಲಿ ತಡವಾಯಿತು, ಅಷ್ಟರಲ್ಲಿ ಬಸ್ಸು ಬಂದಿತ್ತು.

ಅವಳು ಹೋದ ಮೇಲೆ ಮನೆಗೆಲಸವೆಲ್ಲ ಮತ್ತೆ ನನ್ನ ಕೈಗೆ ಬಂತು. ಒಂದು ಸಂಜೆ ಯಜಮಾನರಿಗೆ ಕಾಫಿ ಕೊಡುವಾಗ ಲೋಟ ತಟ್ಟೆಯ ಮೇಲೆ ಗಡಗಡ ಅಂದಿತು. ಅವರು ಲೋಟ ನೋಡಿದರು, ಕೈ ನೋಡಿದರು. ಯಾವಾಗಿಂದ ಎಂದು ಕೇಳಿದರು. ಹೇಳಿದೆ. ಅವರು ಬೈಯಲಿಲ್ಲ, ಕಾಫಿಯನ್ನೂ ಕುಡಿಯಲಿಲ್ಲ.

ತರೀಕೆರೆಯ ಡಾಕ್ಟರಲ್ಲಿಗೆ ಹೋದೆವು. ಅವರ ಕ್ಲಿನಿಕ್ಕಿನ ಮುಂದಿನ ಜಗಲಿಯಲ್ಲಿ ಬೆಂಚು, ಬೆಂಚಿನ ತುಂಬ ಕೆಮ್ಮುವವರು. ಬಸ್ಸಿಗೆ ಕಾಯುವವರೂ ನೆರಳಿಗೆಂದು ಅಲ್ಲೇ ಬಂದು ಕೂರುತ್ತಿದ್ದರು. ಯಾರು ರೋಗಿ, ಯಾರು ಪ್ರಯಾಣಿಕ ಎಂದು ಗೊತ್ತಾಗುತ್ತಿರಲಿಲ್ಲ. ಡಾಕ್ಟರು ಒಳ್ಳೆಯವರು. ನನ್ನ ಕೈಯನ್ನು ಮೊಣಕೈಯಲ್ಲಿ ಮಡಿಸಿ ಬಿಡಿಸಿ ನೋಡಿ, ಇದು ತಮ್ಮ ಕೈಯಲ್ಲಿ ಆಗುವಂಥದ್ದಲ್ಲ ಎಂದು ನೇರವಾಗಿ ಹೇಳಿದರು. ಬೆಂಗಳೂರಿನ ಮಿದುಳು, ನರದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಮಿದುಳಿನ ಆಸ್ಪತ್ರೆಯೆಂದರೆ ನಮ್ಮ ಕಡೆ ಹುಚ್ಚಾಸ್ಪತ್ರೆ ಎಂದೇ ಲೆಕ್ಕ. ಮೈದುನನ ಮನೆಗೆ ಹೋಗುತ್ತೇವೆಂದು ಮಗನಿಗೂ ಊರವರಿಗೂ ಹೇಳಿ, ಬೀರೂರಿನಲ್ಲಿ ರೈಲು ಹತ್ತಿದೆವು.

ಆಸ್ಪತ್ರೆಯ ಓಣಿಯಂಥ ಉದ್ದನೆಯ ಹಾದಿಯಲ್ಲಿ ಎರಡೂ ಕಡೆ ಬೆಂಚು. ನನ್ನ ಎದುರಿಗೆ ಕೋಟು ಹಾಕಿದ ಹಿರಿಯರೊಬ್ಬರು ಕೂತು ನನ್ನನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದರು. ನನಗೆ ಪಿತ್ತ ನೆತ್ತಿಗೇರಿತು. ನಾನೂ ದುರುಗುಟ್ಟಿದೆ. ಬಹಳ ಹೊತ್ತು ಇಬ್ಬರೂ ಹಾಗೇ ಮುಖ ಊದಿಸಿಕೊಂಡು ಕೂತಿದ್ದೆವು. ಕೊನೆಗೆ ಅವರು ಉಸಿರಿನಂಥ ಧ್ವನಿಯಲ್ಲಿ, ನಿಧಾನವಾಗಿ ಹೇಳಿದರು.

'ನನಗೆ ಸಿಟ್ಟಿಲ್ಲಮ್ಮ. ಕಾಯಿಲೆ.'

'ನನಗೂ' ಎಂದೆ.

ಅವರ ಹೊಟ್ಟೆ ಕುಲುಕಿತು. ನನ್ನದೂ ಕುಲುಕಿತು. ಎರಡು ಮುಖಗಳೂ ಹಾಗೇ ಇದ್ದವು. ನಕ್ಕು ಎಷ್ಟು ತಿಂಗಳಾಗಿತ್ತೋ ಅಂದುಕೊಂಡೆ. ಪಕ್ಕದಲ್ಲಿದ್ದ ಯಜಮಾನರಿಗೆ ಏನಾಗುತ್ತಿದೆಯೆಂದೇ ತಿಳಿಯಲಿಲ್ಲ.

ಒಳಗೆ ಚಿಕ್ಕ ವಯಸ್ಸಿನ ಡಾಕ್ಟರು. ನಡೆಸಿದರು, ತಿರುಗಿಸಿದರು, ಬೆರಳಿಗೆ ಬೆರಳು ತಟ್ಟಿಸಿದರು. ಪಾರ್ಕಿನ್ಸನ್ ಎಂಬುದು ಕಾಯಿಲೆಯ ಹೆಸರೆಂದರು. ವಾಸಿಯಾಗುವುದಿಲ್ಲ, ಆದರೆ ಮಾತ್ರೆಯಿಂದ ಹಿಡಿತದಲ್ಲಿಡಬಹುದು ಎಂದರು. ವಾಸಿಯಾಗುವುದಿಲ್ಲ ಎಂಬ ಮಾತಿಗೆ ಯಜಮಾನರು ಕುರ್ಚಿಯ ಅಂಚು ಹಿಡಿದುಕೊಂಡರು. ನನಗೇನೂ ಅನ್ನಿಸಲಿಲ್ಲ. ಇನ್ನು ಮುಚ್ಚಿಡಬೇಕಾದದ್ದಕ್ಕೆ ಒಂದು ಹೆಸರಾದರೂ ಸಿಕ್ಕಿತಲ್ಲ ಎಂದುಕೊಂಡೆ.

ಆಮೇಲೆ ಆ ಹುಡುಗ ಡಾಕ್ಟರು ಒಂದು ವಿಚಿತ್ರ ಪ್ರಶ್ನೆ ಕೇಳಿದರು. ಅಳು ಬರುತ್ತದೆಯೇ? ಇಲ್ಲವೆಂದೆ. ಅವರು ಯಜಮಾನರನ್ನು ಏನೋ ಚೀಟಿ ತರಲೆಂದು ಹೊರಗೆ ಕಳಿಸಿ, ಮತ್ತೆ ಅದೇ ಪ್ರಶ್ನೆ ಕೇಳಿದರು. ದಿನಾ ಬರುತ್ತದೆ ಎಂದೆ. ಅದೂ ಕಾಯಿಲೆಯದೇ ಒಂದು ಭಾಗ, ನಿಮ್ಮ ತಪ್ಪಲ್ಲ ಎಂದರು. ಆ ಒಂದು ಮಾತಿಗೆ ನಾನು ಅವರಿಗೆ ಇವತ್ತಿಗೂ ಋಣಿ. ಮುಖ ಹೇಳದೆ ಇರುವುದನ್ನು ಮನೆಯವರಿಗೆ ಬಾಯಲ್ಲಿ ಹೇಳಬೇಕು, ಸಂತೋಷವನ್ನೂ, ಬೇಜಾರನ್ನೂ ಎಂದರು. ತಲೆಯಾಡಿಸಿದೆ. ಪೇಟೆಯವರ ಮಾತು, ನಮ್ಮ ಮನೆಗಳಲ್ಲಿ ಇದೆಲ್ಲ ಎಲ್ಲಿ ನಡೆಯುತ್ತದೆ ಎಂದುಕೊಂಡು ಹೊರಗೆ ಬಂದೆ. ಖುಷಿಯಾಯಿತು ಎಂದು ಯಾವ ಹೆಂಗಸು ಬಾಯಿಬಿಟ್ಟು ಹೇಳುತ್ತಾಳೆ? ಮುಖ ನೋಡಿ ತಿಳಿದುಕೊಳ್ಳಬೇಕು.

ಊರಿಗೆ ಬಂದು ಮಾತ್ರೆ ಶುರುಮಾಡಿದೆ. ಬರಿಹೊಟ್ಟೆಗೆ ತಗೊಂಡರೆ ವಾಂತಿ, ಅದಕ್ಕೇ ಊಟದ ಜೊತೆಗೇ ಎಂದಿದ್ದರು. ಕೈ ಸ್ವಲ್ಪ ತಣ್ಣಗಾಯಿತು. ಮುಖ ಬದಲಾಗಲಿಲ್ಲ. ಉಗ್ರಾಣದ ಬಾಗಿಲನ್ನೂ ನಾನು ತೆಗೆಯಲಿಲ್ಲ.

ಶ್ರಾವಣ ಬಂತು. ಕಲಾವತಿ ಬರಲಿಲ್ಲ. ಮೊದಲು ಮೈ ಸರಿಯಿಲ್ಲ ಎಂದು ಹೇಳಿಕಳಿಸಿದರು. ಆಮೇಲೆ ಹೊಲದ ಕೆಲಸ ಎಂದರು. ಮಹೇಶ ತಾನೇ ಹೋಗಿ ಕರೆತರುತ್ತೇನೆಂದು ಹೋದವನು ಒಬ್ಬನೇ ವಾಪಸು ಬಂದ. ಅಡಿಗೆಮನೆಯ ಬಾಗಿಲಲ್ಲಿ ನಿಂತು, ನನ್ನ ಮುಖ ನೋಡದೆ ಹೇಳಿದ.

'ಅವ್ಳು ಬರಲ್ವಂತೆ ಕಣಮ್ಮ. ನಮ್ಮತ್ತೆಗೆ ನನ್ ಕೈ ನೀರು ಆಗಕಿಲ್ಲ, ಆಗ್ದೇ ಇರೋ ಮನೇಲಿ ಹೆಂಗಿರ್ಲಿ ಅಂತಾಳೆ.'

ನನಗೆ ಭೂಮಿ ಬಾಯಿಬಿಟ್ಟ ಹಾಗಾಯಿತು. ಗೂಟಕ್ಕೆ ಲಿಂಗ ನೇತುಹಾಕುವ ಮನೆಯವಳೆಂದು ಅತ್ತೆ ತನ್ನ ಅಗ್ಘವಣಿ ಮುಟ್ಟುತ್ತಿಲ್ಲ, ತನ್ನನ್ನು ನೋಡಿದರೆ ಮುಖ ಗಂಟಿಕ್ಕುತ್ತಾಳೆ ಎಂದು ಅವಳು ತಿಳಿದಿದ್ದಳು. ಅವಳ ಜಾಗದಲ್ಲಿ ಯಾರೇ ಇದ್ದರೂ ಹಾಗೇ ತಿಳಿಯುತ್ತಿದ್ದರು. ನಾನಿದ್ದರೆ ಆಷಾಢಕ್ಕೂ ಕಾಯುತ್ತಿರಲಿಲ್ಲ. ಮಗನ ಮುಖ ಬಾಡಿ ಒಣಗಿದ ಎಲೆಯಾಗಿತ್ತು. ಒಂದು ಮನೆ ಮುರಿಯುವುದಕ್ಕೆ ಜಗಳವೇ ಬೇಕಾಗಿಲ್ಲ.

ಯಜಮಾನರು ಇಬ್ಬರು ಹಿರಿಯರನ್ನು ಕಳಿಸಿ ನ್ಯಾಯ ಮಾಡಿಸೋಣ ಎಂದರು. ಕಾಯಿಲೆಯ ವಿಷಯ ಅವರೇ ತಿಳಿಸಲಿ ಎಂದರು. ನಾನು ಬೇಡವೆಂದೆ. ಹಿರಿಯರು ಹೋದರೆ ಅವಳು ಬಂದಾಳು, ತಲೆ ತಗ್ಗಿಸಿಕೊಂಡು ಬಂದಾಳು. ಹಾಗೆ ಬಂದವಳು ನನಗೆ ಬೇಕಾಗಿರಲಿಲ್ಲ. ನಾನೇ ಹೋಗುತ್ತೇನೆಂದೆ.

ಮಾರನೆ ದಿನ ಬೆಳಿಗ್ಗೆ ಸ್ನಾನ ಮಾಡಿ, ಪೂಜೆ ಮಾಡದೆ ಹೊರಟೆ. ಪೂಜೆಯಿಲ್ಲದ ಮೇಲೆ ಊಟವಿಲ್ಲ. ಊಟವಿಲ್ಲದ ಮೇಲೆ ಮಾತ್ರೆಯಿಲ್ಲ. ಯಜಮಾನರಿಗೆ ಅರ್ಥವಾಯಿತು, 'ಲೇ, ಹಟ ಬ್ಯಾಡ ಕಣೆ, ಒಂದು ತುತ್ತು ತಿಂದು ಮಾತ್ರೆ ತಗೋ' ಎಂದರು. ನಾನು ಕೇಳಲಿಲ್ಲ. ಜೊತೆಗೆ ಅವರೂ ಬಂದರು. ಕಡೂರಿನಲ್ಲಿ ಬಸ್ಸು ಬದಲಾಯಿಸಬೇಕಿತ್ತು. ಅಲ್ಲಿಗೆ ತಲುಪುವಷ್ಟರಲ್ಲಿ ಕೈ ಕೋಳಿ ರೆಕ್ಕೆಯ ಹಾಗೆ ಬಡಿದುಕೊಳ್ಳುತ್ತಿತ್ತು. ಕಾಲು ನೆಲಕ್ಕೆ ಅಂಟುತ್ತಿತ್ತು. ಮೊದಲ ಸಲ ನಾನು ಕೈಯನ್ನು ಸೆರಗಿನೊಳಗೆ ಹಾಕಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಜನ ನೋಡಿದರು. ಕಡಲೆಕಾಯಿ ಮಾರುವವಳೊಬ್ಬಳು ಯಜಮಾನರನ್ನು, 'ಅಮ್ಮಂಗೆ ಚಳೀನಾ?' ಎಂದು ಕೇಳಿದಳು. ನೋಡಲಿ ಎಂದು ಬಿಟ್ಟೆ. ಏನೋ ಒಂದು ಹಗುರವಿತ್ತು ಅದರಲ್ಲಿ.

ಹಿರೇನಲ್ಲೂರಿನಲ್ಲಿ ಬೀಗಿತ್ತಿ, ಅಂದರೆ ಕಲಾವತಿಯ ತಾಯಿ, ಬನ್ನಿ ಎಂದರು. ಕಾಲಿಗೆ ನೀರು ಕೊಟ್ಟರು. ಕೊಡುವುದರಲ್ಲಿ ತಪ್ಪಿರಲಿಲ್ಲ, ಅಕ್ಕರೆಯೂ ಇರಲಿಲ್ಲ. ಬೀಗರು ಯಜಮಾನರ ಜೊತೆ ಮಳೆಯ ಮಾತು ಶುರುಮಾಡಿದರು. ಕಲಾವತಿ ಒಳಬಾಗಿಲ ಹತ್ತಿರ ನೆಲ ನೋಡುತ್ತಾ ನಿಂತಿದ್ದಳು. ಬೀಗಿತ್ತಿ ತಟ್ಟೆಯಲ್ಲಿ ಉಪ್ಪಿಟ್ಟು ತಂದಿಟ್ಟರು. ನಾನು ಮುಟ್ಟಲಿಲ್ಲ. ಬೀಗಿತ್ತಿಯ ಮುಖ ಕಪ್ಪಿಟ್ಟಿತು. ನೋಡಿದಿರಾ, ನಮ್ಮ ಮನೆಯ ಅನ್ನವೂ ಇವಳಿಗೆ ಆಗದು ಎಂದು ಆ ಮುಖ ಹೇಳುತ್ತಿತ್ತು. ಕೆಲಸ ಮಾಡುವ ಮುಖವಿದ್ದರೆ ಎಷ್ಟು ಅನುಕೂಲ ಎಂದು ಆ ಗಳಿಗೆಯಲ್ಲೂ ನನಗೆ ಅನ್ನಿಸಿತು.

'ನಂದಿನ್ನೂ ಪೂಜೆ ಆಗಿಲ್ಲ' ಎಂದೆ. ಧ್ವನಿ ಏಳಲಿಲ್ಲ. ಉಸಿರು ತಗೊಂಡು ಮತ್ತೆ ಹೇಳಿದೆ. 'ಕಲಾವತಿ, ಅಗ್ಘವಣಿ ತಗೊಂಬಾ.'

ಕಲಾವತಿ ತಲೆಯೆತ್ತಿ ನನ್ನ ಮುಖ ನೋಡಿದಳು. ಪಾಪ, ಅಲ್ಲಿ ಏನೂ ಇರಲಿಲ್ಲ. ಆದರೂ ಹೋಗಿ, ತಂಬಿಗೆ ತೊಳೆದು ನೀರು ತಂದಳು. ಹಿತ್ತಲಿನಿಂದ ಪತ್ರೆ ತಂದಳು. ಮಣೆ ಹಾಕಿದಳು. ಬೀಗರು ಎದ್ದು ಹೊರಡಲು ನೋಡಿದರು. 'ಎಲ್ಲಾರೂ ಇಲ್ಲೇ ಇರಿ' ಎಂದೆ.

ನಡುಮನೆಯಲ್ಲಿ, ಹಗಲು ಬೆಳಕಿನಲ್ಲಿ, ಎಲ್ಲರ ಮುಂದೆ ಕೂತೆ. ಕರಡಿಗೆಯ ಮುಚ್ಚಳ ತೆಗೆಯುವುದಕ್ಕೇ ಬಹಳ ಹೊತ್ತು ಹಿಡಿಯಿತು. ಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಂಡೆ. ಅಂಗೈ ಕುಣಿಯುತ್ತಿತ್ತು. ಲಿಂಗ ಅಂಗೈಯ ಅಂಚಿಗೆ ಬಂದು, ಬೆರಳಿಗೆ ತಾಗಿ, ಮತ್ತೆ ಒಳಗೆ ಸರಿಯಿತು. ಬಲಗೈಗೆ ತಂಬಿಗೆ ತಗೊಂಡೆ. ಮಣಿಕಟ್ಟು ಹಿಡಿಯಲು ಇನ್ನೊಂದು ಕೈ ಉಳಿದಿರಲಿಲ್ಲ. ಈಗ ಬೀಳುತ್ತದೆ, ಬಿದ್ದೇ ಬೀಳುತ್ತದೆ ಎಂದು ನನಗೆ ಗೊತ್ತಿತ್ತು. ಬೀಳಲಿ, ಇವಳಿಗೆ ಕಾಣಲಿ ಎಂದೇ ಅಷ್ಟು ದೂರ ಬಂದಿದ್ದೆ. ಆದರೂ ಕಣ್ಣು ಮುಚ್ಚಿಕೊಂಡೆ.

ಬೀಳಲಿಲ್ಲ. ನನ್ನ ಅಂಗೈ ಕೆಳಗೆ ಇನ್ನೊಂದು ಅಂಗೈ ಬಂದಿತ್ತು. ಕಲಾವತಿ ನನ್ನ ಮುಂದೆ ಮಂಡಿಯೂರಿ ಕೂತು, ಎರಡೂ ಕೈಯಿಂದ ನನ್ನ ಕೈಯನ್ನು ಬೊಗಸೆಯಲ್ಲಿ ಹಿಡಿದುಕೊಂಡಿದ್ದಳು. ನಡುಕ ಅವಳ ಕೈಗೂ ಹತ್ತಿ, ಬಳೆಗಳು ಸದ್ದು ಮಾಡುತ್ತಿದ್ದವು.

'ಇದಕ್ಕಾ ಅತ್ತೆ ಬಾಗ್ಲು ಹಾಕ್ಕಂತಿದ್ದಿದ್ದು?' ಎಂದಳು.

'ಹೂಂ.'

'ಮತ್ತೆ ಮುಖ?'

'ಅದೂ ಇದೇ ಕಾಯ್ಲೆ ಕಣೆ. ನಂಗೆ ನಿನ್ ಮೇಲೆ ಸಿಟ್ಟಿಲ್ಲ. ನೀನಂದ್ರೆ ಇಷ್ಟ. ಮಂಡಕ್ಕಿ ಹಾಕಿದ್ಯಲ್ಲ, ಅವತ್ತಿಂದ.'

ಬಾಯಿಬಿಟ್ಟು ಹೇಳಿದೆ, ಬೀಗರ ಮುಂದೆ, ಗಂಡನ ಮುಂದೆ. ನಾಚಿಕೆಯಿಂದ ಸತ್ತುಹೋಗುತ್ತೇನೆ ಅಂದುಕೊಂಡಿದ್ದೆ, ಸಾಯಲಿಲ್ಲ. ಕಲಾವತಿ ಮೂಗನ್ನು ಹೆಗಲಿಗೆ ಉಜ್ಜಿಕೊಂಡು, 'ನೀರು ಹಾಕಿ ಅತ್ತೆ, ನಾನ್ ಹಿಡ್ಕಂಡಿದೀನಿ' ಎಂದಳು. ನೀರೆರೆದೆ. ಎಷ್ಟೋ ಕಾಲದ ಮೇಲೆ ಆ ಕಲ್ಲಿನ ಮೇಲೆ ನೀರು ಹರಿಯುವುದನ್ನು ನೋಡಿದೆ. ಆಮೇಲೆ ಉಪ್ಪಿಟ್ಟು ತಿಂದೆ. ಬೀಗಿತ್ತಿ ಎರಡು ಸಲ ಬಡಿಸಿದರು. ಮಾತ್ರೆ ನುಂಗಿದೆ.

ಒಬ್ಬರ ಕೈ ಮೇಲೆ ಇನ್ನೊಬ್ಬರು ಪೂಜೆ ಮಾಡಬಹುದೇ ಎಂದು ಅಯ್ಯನವರನ್ನು ಕೇಳಬೇಕೆಂದು ಯಜಮಾನರು ಅಂದರು. ಕೇಳಿದರೆ ತಾನೇ ಬೇಡ ಅನ್ನುವುದು? ನಾವು ಕೇಳಲಿಲ್ಲ.

ಆಮೇಲೆ ಕಾಯಿಲೆ ಸುಮ್ಮನಾಯಿತೆಂದಲ್ಲ. ಅದು ತನ್ನ ಪಾಡಿಗೆ ಮುಂದೆ ಹೋಗಿದೆ. ಕಾಲು ಹೊಸಿಲಲ್ಲಿ ಕಚ್ಚಿಕೊಳ್ಳುತ್ತದೆ, ಬರೆದರೆ ಅಕ್ಷರ ಸಾಸಿವೆ ಕಾಳಾಗುತ್ತದೆ. ಮಾತ್ರೆ ಒಂದು ದಿನ ಕೇಳಿದ ಹಾಗೆ ಇನ್ನೊಂದು ದಿನ ಕೇಳುವುದಿಲ್ಲ. ಬದಲಾದದ್ದು ಮನೆಯ ನಡೆನುಡಿ. ಉಗ್ರಾಣದ ಅಗುಳಿಯನ್ನು ಮಹೇಶ ಕಿತ್ತುಹಾಕಿದ. ಬೆಂಗಳೂರಿನ ಡಾಕ್ಟರು ಹೇಳಿದ್ದನ್ನು ಕಲಾವತಿಗೆ ಹೇಳಿದಾಗ ಅವಳು ಅದನ್ನು ಕಾನೂನು ಮಾಡಿಬಿಟ್ಟಳು. ಬೆಳಿಗ್ಗೆ ಪೂಜೆಗೆ ನನ್ನ ಕೈ ಹಿಡಿದುಕೊಂಡಾಗ, 'ಇವತ್ತು ಒಳ್ಗಡೆ ಹೆಂಗೈತೆ ಅತ್ತೆ?' ಎಂದು ಕೇಳುತ್ತಾಳೆ. ನಿಜ ಹೇಳಬೇಕು. ಚೆನ್ನಾಗಿದೆ ಎಂದು ಸುಳ್ಳು ಹೇಳಿದರೆ ಅವಳಿಗೆ ಹೇಗೋ ತಿಳಿಯುತ್ತದೆ, ದಿನವೆಲ್ಲ ಮುಖ ಬಿಗಿದುಕೊಂಡು ಓಡಾಡುತ್ತಾಳೆ. ಅಳು ಬರುತ್ತಿದೆ ಎಂದ ದಿನ ಸಮಾಧಾನದ ಮಾತು ಹೇಳುವುದಿಲ್ಲ. ಅವರೆಕಾಯಿಯನ್ನೋ ಹುಣಸೆಹಣ್ಣನ್ನೋ ನನ್ನ ಮುಂದೆ ಸುರಿದು, ತಾನೂ ಎದುರಿಗೆ ಕೂತು ಬಿಡಿಸುತ್ತಾಳೆ. ಅಳುವುದಾದರೆ ಅಳುತ್ತೇನೆ, ಅವರೆಕಾಯಿ ಮುಗಿಯುತ್ತದೆ. ಕೆಲವು ದಿನ ಅಳು ಮೊದಲು ಮುಗಿಯುತ್ತದೆ.

ಯಜಮಾನರಿಗೂ ಈ ರೂಢಿ ಹತ್ತಿತು. ಅಂಗಡಿಯಿಂದ ಬಂದು ಟವೆಲು ಕೊಡವುತ್ತಾ, ಗೋಡೆಯ ಕಡೆ ತಿರುಗಿಕೊಂಡು, 'ಏನೇ, ಖುಷಿಯಾಗಿದೀಯಾ ಹೆಂಗೆ?' ಎನ್ನುತ್ತಾರೆ. ಹೆಂಡತಿಯನ್ನು ಹಾಗೆ ಕೇಳಿ ಅಭ್ಯಾಸವಿಲ್ಲದ ಗಂಡಸು, ಬೂಸಾದ ಧಾರಣೆ ಕೇಳುವ ಧ್ವನಿಯಲ್ಲೇ ಕೇಳುತ್ತಾರೆ. ನಾನೂ ಅದೇ ಧ್ವನಿಯಲ್ಲಿ, ಇವತ್ತು ಪರವಾಗಿಲ್ಲ, ನಿನ್ನೆಗಿಂತ ಏರಿದೆ ಎನ್ನುತ್ತೇನೆ. ಬಾಯಿದ್ದವರು ಬರಗಾಲದಲ್ಲೂ ಬದುಕಿದರು ಎಂದು ಗಾದೆ. ನಾನು ಬದುಕಿದ್ದು ಹಾಗೆಯೇ. ಮುಖ ಹೋದರೆ ಹೋಗಲಿ, ಬಾಯಿ ಇನ್ನೂ ಇದೆ.

ಕಲಾವತಿ ನಮ್ಮ ಮನೆಗೆ ಮರಳಿ ಬಂದ ಮಾರನೆ ವರ್ಷ ಅವಳಿಗೆ ಚೊಚ್ಚಲ ಹೆರಿಗೆ, ತವರಿನಲ್ಲಿ. ನೋವು ಜಾಸ್ತಿಯಾಗಿ ಹಿರೇನಲ್ಲೂರಿನಿಂದ ಕಡೂರಿನ ಆಸ್ಪತ್ರೆಗೆ ತಂದಿದ್ದಾರೆಂದು ಸುದ್ದಿ ಬಂದಾಗ ಯಜಮಾನರ ತೋಳು ಹಿಡಿದು ನಾನೂ ಹೋದೆ. ಮತ್ತೆ ಬೆಂಚು, ಮತ್ತೆ ಕಾಯುವುದು. ನನ್ನ ಕಾಯಿಲೆಗೆ ಕೂತಾಗ ಇಲ್ಲದ ಭಯ ಅವತ್ತು ಇತ್ತು. ಪೂಜೆಯ ಹೊತ್ತಿಗೆ ಬರುವ ಆ ಎರಡು ಕೈಗಳು ನನಗೆ ಬೇಕಾಗಿದ್ದವು. ಅವಳಿಗೆ ಏನೂ ಆಗಬಾರದು ಎಂದು ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಿದ್ದೆ. ಎದುರಿಗೆ ಬೀಗಿತ್ತಿ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ನಾನು ಕಲ್ಲಿನ ಹಾಗೆ ಕೂತಿದ್ದೆನಂತೆ.

ಕೊನೆಗೆ ನರ್ಸು ಕರೆದಳು. ಒಳಗೆ ಹೋದರೆ ಕಲಾವತಿ ಬಿಳಿಚಿಕೊಂಡು, ಕಣ್ಣು ಮುಚ್ಚಿ ಮಲಗಿದ್ದಳು. ಎದೆ ಏರಿಳಿಯುತ್ತಿತ್ತು. ಬದುಕಿದ್ದಳು. ನರ್ಸು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಕೂಸನ್ನು ನನ್ನ ಮುಂದೆ ಹಿಡಿದು ಹೆಣ್ಣು ಎಂದಳು. ಎರಡು ಮುಷ್ಟಿ, ಅವು ನನ್ನ ಕೈಯ ಹಾಗೇ ನಡುಗುತ್ತಿದ್ದವು. ನನಗೆ ಒಳಗೆ ಆದದ್ದನ್ನು ಹೇಗೆ ಹೇಳಲಿ? ಅಂಗಡಿ ಮುಂದೆ ಎತ್ತು ಬೆದರಬೇಕು, ಅಂಥ ನಗು ಅದು. ಹೇಳಬೇಕೆಂದು ಬಾಯಿ ತೆರೆದೆ. ಮಾತು ಗಂಟಲಲ್ಲಿ ಎಂದಿನ ಹಾಗೆ ತಡವಾಯಿತು.

ನರ್ಸು ನನ್ನ ಮುಖ ನೋಡಿದಳು. ಕೂಸನ್ನು ತನ್ನ ಕಡೆಗೆ ಎಳೆದುಕೊಂಡಳು.

'ಹೆಣ್ಣಾಯ್ತು ಅಂತ ಮುಖ ಹಂಗ್ ಮಾಡ್ಕಂಡ್ರೆ ಹೆಂಗಜ್ಜಿ?' ಎಂದಳು.

ಮಂಚದಿಂದ ಕಲಾವತಿಯ ದನಿ ಬಂತು. ನೀರಿಲ್ಲದ ಗಂಟಲು, ಆದರೂ ಸ್ಪಷ್ಟವಾಗಿತ್ತು.

'ಮಗೂನ ಕೊಡಿ ಸಿಸ್ಟರ್. ನಮ್ಮತ್ತೆ ನಗ್ತಾ ಅವ್ರೆ.'

ಅವಳು ಇನ್ನೂ ಕಣ್ಣು ತೆರೆದಿರಲಿಲ್ಲ.